ಗಾಳಿ ಸುಧಾರಿಸಿತಾ? ಲೆಕ್ಕ ತೋರಿಸಿ!



ಇವತ್ತು ಬೇರೆಯವರನ್ನ ಪ್ರಶ್ನೆ ಮಾಡೋಕೆ ಮುಂಚೆ ನನ್ನದೇ ಒಂದು ತಪ್ಪು ಒಪ್ಪಿಕೊಳ್ತೀನಿ. ಒಂದು ದೀಪಾವಳಿ ಮುಗಿದ ಮಾರನೇ ದಿನ ಇದೇ ಕುರ್ಚಿಯಲ್ಲಿ ಕೂತು "ಬೆಂಗಳೂರಿನ ಗಾಳಿ ಕಳೆದ ವರ್ಷಕ್ಕಿಂತ ಶುದ್ಧ" ಅಂದಿದ್ದೆ. ಸ್ಕ್ರೀನ್ ಮೇಲೆ ಹಸಿರು ಬಾಣ ಕೆಳಗಿಳೀತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಪೀಣ್ಯ ಕಡೆಯ ವೀಕ್ಷಕರೊಬ್ಬರು ಫೋನ್ ಮಾಡಿದರು. ಬೈಯಲಿಲ್ಲ, ಜಗಳ ಆಡಲಿಲ್ಲ. "ಸರ್, ನನ್ನ ಮಗಳಿಗೆ ರಾತ್ರಿ ಎರಡು ಸಲ ನೆಬ್ಯುಲೈಸರ್ ಹಾಕ್ತಾ ಇದೀನಿ. ನೀವು ಹೇಳಿದ ಆ ಗಾಳಿ ಯಾವ ಏರಿಯಾದ್ದು?" ಅಂತ ಕೇಳಿದರು. ಅಷ್ಟೇ.

ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ತೆಗೆದು ನೋಡಿದೆ. ಆ ಸಲ ಹಬ್ಬದ ಮೂರೂ ದಿನ ಮಳೆ. ಗಾಳಿ ತೊಳೆದದ್ದು ಮಳೆ, ನಾನು ಶಹಬ್ಬಾಸ್ ಹೇಳಿದ್ದು ಆಡಳಿತಕ್ಕೆ! ಇಂಜಿನಿಯರಿಂಗ್ ಓದಿದವನು ನಾನು. ಎರಡೇ ರೀಡಿಂಗ್ ಇಟ್ಕೊಂಡು ಗ್ರಾಫ್ ಎಳೆದಿದ್ದರೆ ಅವತ್ತು ನಮ್ಮ ಲ್ಯಾಬ್ ಮೇಷ್ಟ್ರು ರೆಕಾರ್ಡ್ ಬುಕ್ ಕಿತ್ತು ಎಸೀತಿದ್ದರು.

ವಿಷಯ ಏನು ಅಂತ ನೇರವಾಗಿ ಹೇಳ್ತೀನಿ. ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣ. ನಮ್ಮ ಕೂದಲಿನ ದಪ್ಪದಲ್ಲಿ ಸುಮಾರು ಮೂವತ್ತರಲ್ಲಿ ಒಂದು ಭಾಗ. ಮೂಗಿನಲ್ಲಿ ನಿಲ್ಲಲ್ಲ, ಶ್ವಾಸಕೋಶದ ಆಳಕ್ಕೆ ಇಳಿಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರ್‌ಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ಎಂಟು ಪಟ್ಟು!

ಈಗ ಅಡುಗೆಮನೆಗೆ ಬನ್ನಿ. ಒಗ್ಗರಣೆಗೆ ನಾಲ್ಕು ಒಣಮೆಣಸಿನಕಾಯಿ ಹಾಕಿದ್ರಿ. ಕಿಟಕಿ ತೆಗೆದಿದ್ದರೆ ಯಾರೂ ಕೆಮ್ಮಲ್ಲ. ಮುಚ್ಚಿದ್ದರೆ ಇಡೀ ಮನೆ ಕೆಮ್ಮುತ್ತೆ. ಮೆಣಸಿನಕಾಯಿ ನಾಲ್ಕೇ, ಕೆಮ್ಮು ಮಾತ್ರ ಬೇರೆ. ನಿಮ್ಮ ಮೊಬೈಲ್‌ನಲ್ಲಿ ಕಾಣೋ ಎಕ್ಯೂಐ ಹೇಳೋದು ಕೆಮ್ಮಿನ ಲೆಕ್ಕ. ಅದರಲ್ಲಿ ಮಳೆ, ಗಾಳಿ, ಚಳಿಗಾಲದ ಮುಚ್ಚಿದ ಕಿಟಕಿ ಎಲ್ಲಾ ಸೇರಿರುತ್ತೆ. ನಾವು ಕಡಿಮೆ ಹೊಗೆ ಬಿಡ್ತಿದ್ದೀವಾ ಅಂತ ತಿಳೀಬೇಕಾದ್ರೆ ಮೆಣಸಿನಕಾಯಿ ಎಣಿಸಬೇಕು. ಅದಕ್ಕೆ ಹೊರಸೂಸುವಿಕೆ ಲೆಕ್ಕ ಅಂತಾರೆ.

ಹೇಗೆ ಎಣಿಸ್ತಾರೆ? ಪ್ರತಿ ಬಸ್ಸಿನ ಹಿಂದೆ ಚೀಲ ಹಿಡಿದು ನಿಲ್ಲಕ್ಕಾಗಲ್ಲ. ಎಷ್ಟು ವಾಹನ, ಎಷ್ಟು ಕಿಲೋಮೀಟರ್ ಓಡಿತು, ಒಂದು ಕಿಲೋಮೀಟರ್‌ಗೆ ಎಷ್ಟು ಕಣ ಬಿಡುತ್ತೆ, ಇವನ್ನ ಗುಣಿಸ್ತಾರೆ. ಹಾಗೇ ಜನರೇಟರ್‌ಗೆ ಎಷ್ಟು ಡೀಸೆಲ್, ಬಾಯ್ಲರ್‌ಗೆ ಎಷ್ಟು ಸೌದೆ, ಎಷ್ಟು ಕಸ ಸುಟ್ಟರು. ಸುಲಭ ಅನ್ಸುತ್ತಲ್ವಾ? ತಪ್ಪಾಗೋದು ಇಲ್ಲೇ.

ಒಂದು ಸಣ್ಣ ಗುಣಾಕಾರ ಮಾಡೋಣ. ಬಿಎಸ್ 4 ಡೀಸೆಲ್ ಕಾರಿಗೆ ಇದ್ದ ಕಣದ ಮಿತಿ ಕಿಲೋಮೀಟರ್‌ಗೆ 25 ಮಿಲಿಗ್ರಾಂ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6ಕ್ಕೆ 4.5. ದೊಡ್ಡ ಸಾಧನೆ, ಮೆಚ್ಚಬೇಕು. ಆದರೆ ಹತ್ತು ಹಳೇ ಕಾರು ಒಂದೊಂದು ಕಿಲೋಮೀಟರ್ ಓಡಿದರೆ 250 ಮಿಲಿಗ್ರಾಂ. ಐವತ್ತು ಹೊಸ ಕಾರು ಓಡಿದರೆ 225. ಕಾರು ಐದು ಪಟ್ಟಾದರೆ ಉಳಿತಾಯ ಹೆಚ್ಚುಕಡಿಮೆ ಖಲಾಸ್. ಇದು ಕೂಡ ಎಲ್ಲಾ ಕಾರು ಮಿತಿಯೊಳಗೇ ಇದೆ ಅಂತ ನಂಬಿ ಹಾಕಿದ ಲೆಕ್ಕ. ರಸ್ತೆಯಲ್ಲಿ ಸರ್ವಿಸ್ ಕಾಣದ ಲಾರಿ ಬಿಡೋ ಹೊಗೆ ನೀವೇ ನೋಡಿದೀರಿ. ಬ್ರೇಕು, ಟೈರು ಸವೆದು ಏಳೋ ಕಣಕ್ಕೆ ಸೈಲೆನ್ಸರ್ರೇ ಇಲ್ಲ. ಇನ್ನು ಕೆಲವು ಕಣ ಯಾವ ಚಿಮಣಿಯಿಂದಲೂ ಬರಲ್ಲ. ಗಂಧಕದ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್, ಅಮೋನಿಯಾ, ಇವೆಲ್ಲ ಅನಿಲವಾಗಿ ಹೊರಟು ಗಾಳಿಯಲ್ಲೇ ಕಣವಾಗ್ತವೆ.

ಅಂದಾಜು ಅಂದಮೇಲೆ ತಿದ್ದುಪಡಿ ಇದ್ದೇ ಇರುತ್ತೆ. ತಿದ್ದೋದು ಹೇಗೆ ಅನ್ನೋದು ಮುಖ್ಯ. ಬ್ರಿಟನ್ನಿನ ಉದಾಹರಣೆ ನೋಡಿ. ಪಿಎಂ 2.5ರಲ್ಲಿ ಮನೆಗಳ ಸೌದೆ ಒಲೆಯ ಪಾಲು ಶೇ 38 ಅಂತ 2021ರಲ್ಲಿ ಅಲ್ಲಿನ ಸರ್ಕಾರಿ ಅಂಕಿ ಹೇಳ್ತು. 2022ರಲ್ಲಿ ಅದು ಶೇ 17 ಆಯ್ತು. ಒಂದೇ ವರ್ಷಕ್ಕೆ ಒಲೆಗಳೆಲ್ಲ ಆರಿಹೋದವಾ? ಇಲ್ಲ! ಎಷ್ಟು ಮನೆಯವರು ಎಷ್ಟು ಸೌದೆ ಸುಡ್ತಾರೆ ಅನ್ನೋ ಹೊಸ ಸಮೀಕ್ಷೆಯ ಮಾಹಿತಿ ಸೇರಿ ಅಂದಾಜು ಬದಲಾಯ್ತು. ಅಂಥ ಸಮಯದಲ್ಲಿ ಅವರು ಪಾಲಿಸೋ ನಿಯಮ ಒಂದಿದೆ. ವಿಧಾನ ಬದಲಾದರೆ ಹಿಂದಿನ ವರ್ಷಗಳನ್ನೂ ಹೊಸ ಅಳತೆಗೋಲಲ್ಲೇ ಮತ್ತೆ ಲೆಕ್ಕ ಹಾಕ್ತಾರೆ. ಆಗ ಮಾತ್ರ ಇಳಿಕೆ ನಿಜವೋ, ಪುಸ್ತಕದ್ದೋ ಗೊತ್ತಾಗುತ್ತೆ.

ನಮ್ಮಲ್ಲಿ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರು ಸೇರಿ ಆರು ನಗರಗಳ ಮಾಲಿನ್ಯ ಮೂಲದ ವರದಿ ಕೊಟ್ಟದ್ದು 2011ರಲ್ಲಿ. ಆಮೇಲೆ ಸಿಎಸ್‌ಟಿಇಪಿಯಂಥ ಸಂಸ್ಥೆಗಳೂ ಬೆಂಗಳೂರಿನ ಲೆಕ್ಕ ಹಾಕಿವೆ. ಒಳ್ಳೆ ಕೆಲಸ. ಆದರೆ ವ್ಯಾಪ್ತಿ ಒಂದೇನಾ, ವಿಧಾನ ಒಂದೇನಾ ಅಂತ ನೋಡದೆ ಎರಡು ವರದಿ ಪಕ್ಕಪಕ್ಕ ಇಟ್ಟು "ಇಳೀತು", "ಏರ್ತು" ಅನ್ನೋದು ಮಾರಿನಲ್ಲಿ ಅಳೆದದ್ದನ್ನ ಮೀಟರಿಗೆ ಹೋಲಿಸಿದ ಹಾಗೆ.

ಇನ್ನೊಂದು ವಿಚಾರ. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರುವಾಯ್ತು. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಅದರಲ್ಲಿವೆ. ಆದರೆ ನಗರಗಳ ಸಾಧನೆಗೆ ಅಂಕ ಹಾಕುವಾಗ ನೋಡೋದು ಪಿಎಂ 10, ಅಂದರೆ ದಪ್ಪ ಧೂಳೂ ಸೇರಿದ ಅಂಕಿ. ರಸ್ತೆಗೆ ನೀರು ಚಿಮುಕಿಸಿ, ಗುಡಿಸೋ ಯಂತ್ರ ಓಡಿಸಿ ಅದನ್ನ ಇಳಿಸಬಹುದು. ಡೀಸೆಲ್ ಹೊಗೆ, ಕಸ ಸುಟ್ಟ ಹೊಗೆ ನೀರು ಚಿಮುಕಿಸಿದರೆ ಹೋಗುತ್ತಾ? ಅಂಕ ನಗರಕ್ಕೆ, ಹೊಗೆ ಆ ಮಗುವಿನ ಎದೆಗೆ!

ಹಾಗಾಗಿ ಅಧಿಕಾರದಲ್ಲಿರೋರಿಗೆ ನನ್ನದು ಮೂರೇ ಪ್ರಶ್ನೆ. ನಮ್ಮ ನಾಲ್ಕೂ ನಗರಗಳ ಪಿಎಂ 2.5 ಹೊರಸೂಸುವಿಕೆಯನ್ನ ಪ್ರತಿ ವರ್ಷ ಒಂದೇ ವಿಧಾನದಲ್ಲಿ ಲೆಕ್ಕ ಹಾಕಿ ಜನರ ಮುಂದೆ ಇಡ್ತೀರಾ? ವಿಧಾನ ಬದಲಾದ ದಿನ ಹಳೇ ವರ್ಷಗಳನ್ನೂ ತಿದ್ದುತೀರಾ? ಅಂದಾಜು ಎಷ್ಟು ಹೆಚ್ಚುಕಡಿಮೆ ಆಗಬಹುದು ಅಂತ ಅದರ ಪಕ್ಕದಲ್ಲೇ ಬರೀತೀರಾ?

ನನ್ನ ಕಡೆಯಿಂದಲೂ ಒಂದು ಮಾತು. ಎರಡು ದಿನದ ಅಂಕಿ ಹಿಡಿದು ಹಸಿರು ಬಾಣ ತೋರಿಸೋ ಕೆಲಸ ಇನ್ನು ಮಾಡಲ್ಲ. ಪೀಣ್ಯದ ಆ ತಂದೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಲೆಕ್ಕ ಬಂದ ದಿನ ನಾನೇ ಫೋನ್ ಮಾಡ್ತೀನಿ.