ತಡವಾಗಿ ಬಸುರಾದವರ ಚಿಂತೆಗೆ ನಾಲ್ಕು ಮಾತು

(ಕೆಂಗೇರಿ ಹೋಬಳಿಯ ಹಳ್ಳಿಯೊಂದರಲ್ಲಿ ಸೇರಿದ್ದ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ಹಸು ಕರೆಯುವ ಹೊತ್ತು, ಒಲೆ ಹಚ್ಚುವ ಹೊತ್ತು, ಎಲ್ಲವನ್ನೂ ಬದಿಗಿಟ್ಟು ತಾವು ಇಲ್ಲಿ ಸೇರಿದ್ದೀರಿ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ಮನೆಗೂ ಹೋಗದೆ ಬಂದವರಿದ್ದೀರಿ. ತಮ್ಮ ಹೊತ್ತು ಬೆಲೆಯುಳ್ಳದ್ದು. ಆದುದರಿಂದ ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ.

ಮೂವತ್ತೈದು ದಾಟಿದ ಮೇಲೆ, ನಲವತ್ತರ ಆಚೀಚೆ, ಬಸುರಾಗುವ ಹೆಂಗಸರ ಚಿಂತೆಯನ್ನು ಕುರಿತು ಇಂದು ಮಾತನಾಡಬೇಕೆಂದಿದ್ದೇನೆ. ಇದು ಸಭೆಯಲ್ಲಿ ಆಡುವ ಮಾತೇ ಎಂದು ಕೆಲವರಿಗೆ ಸಂಕೋಚವಾಗಬಹುದು. ಸಭೆಯಲ್ಲಿ ಆಡದೆ ಇದ್ದುದರಿಂದಲೇ ಇದು ಅಡುಗೆಮನೆಯ ಮೂಲೆಯಲ್ಲಿ ಒಬ್ಬಳೇ ಕುಳಿತು ಅಳುವ ವಿಷಯವಾಗಿ ಉಳಿದಿದೆ.

ಇಂಥ ಬಸುರಿಯರು ಯಾರು? ಮೊದಲನೆಯವರು, ಓದು, ಕೆಲಸ, ಸಂಸಾರದ ಜವಾಬ್ದಾರಿಗಳಿಂದ ತಡವಾಗಿ ಮದುವೆಯಾದವರು. ಎರಡನೆಯವರು, ಮದುವೆಯಾಗಿ ಹತ್ತು ಹನ್ನೆರಡು ವರ್ಷ ಹರಕೆ ಹೊತ್ತು, ಔಷಧ ಮಾಡಿಸಿಕೊಂಡು ಈಗ ಫಲ ಕಂಡವರು. ಮೂರನೆಯವರು, ಎರಡು ಮೂರು ಹೆಣ್ಣುಮಕ್ಕಳ ಮೇಲೆ ‘ಗಂಡೊಂದು ಆಗಲಿ’ ಎಂಬ ಒತ್ತಾಯಕ್ಕೆ ಸಿಕ್ಕಿದವರು. ನಾಲ್ಕನೆಯವರು, ‘ಇನ್ನೇನು ಮುಟ್ಟು ನಿಲ್ಲುವ ಕಾಲ’ ಎಂದುಕೊಂಡಿದ್ದಾಗ ಅನಿರೀಕ್ಷಿತವಾಗಿ ಬಸುರಾದವರು. ನಾಲ್ವರ ಚಿಂತೆಯೂ ಒಂದೇ ಬಗೆಯದಲ್ಲ. ಆದರೆ ಚಿಂತೆಯನ್ನು ಒಳಗೇ ಇಟ್ಟುಕೊಂಡರೆ ಆಗುವ ಕೇಡು ಮಾತ್ರ ನಾಲ್ವರಿಗೂ ಒಂದೇ.

ನಾಲ್ಕನೆಯವರ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯೊಡತಿಗೆ ನಲವತ್ತೊಂದು ವರ್ಷ. ಹಿರಿಯ ಮಗಳನ್ನು ಮದುವೆ ಮಾಡಿ ಕೊಟ್ಟಾಗಿದೆ. ಎರಡು ತಿಂಗಳು ಮುಟ್ಟಾಗಲಿಲ್ಲ. ‘ವಯಸ್ಸಾಯಿತು, ನಿಂತಿತು’ ಎಂದು ಸುಮ್ಮನಾದಳು. ನಾಲ್ಕನೆಯ ತಿಂಗಳಲ್ಲಿ ಹೊಟ್ಟೆ ತೋರತೊಡಗಿತು. ‘ಮಗಳು ಬಾಣಂತಿಯಾಗುವ ಕಾಲಕ್ಕೆ ತಾಯಿ ಬಸುರಿ’ ಎಂದು ಜನ ನಗುತ್ತಾರೆಂದು ಸೆರಗು ಹೊದ್ದು ಮರೆಮಾಚಿದಳು. ಆರನೆಯ ತಿಂಗಳಲ್ಲಿ ಕಾಲು ಊದಿ, ತಲೆನೋವು ತಡೆಯದೆ ಆಸ್ಪತ್ರೆಗೆ ಹೋದಾಗ ರಕ್ತದೊತ್ತಡ ಏರಿ ಕುಳಿತಿತ್ತು. ಬಸುರಿನಿಂದ ಆಕೆಗೆ ಆದ ಕೇಡಿಗಿಂತ ನಾಚಿಕೆಯಿಂದ ಕಳೆದುಹೋದ ನಾಲ್ಕು ತಿಂಗಳಿನಿಂದ ಆದ ಕೇಡು ಹೆಚ್ಚು. ಆ ನಾಲ್ಕು ತಿಂಗಳಲ್ಲಿ ಮಾಡಬಹುದಾಗಿದ್ದ ಪರೀಕ್ಷೆಗಳೂ, ಆಕೆ ತಾನೇ ತೀರ್ಮಾನಿಸಬಹುದಾಗಿದ್ದ ಸಂಗತಿಗಳೂ ಕೈತಪ್ಪಿದವು.

ಆದುದರಿಂದ ಮೊದಲ ಮಾತು ಇದು. ನಲವತ್ತರಲ್ಲಿ ಮುಟ್ಟು ತಪ್ಪಿದರೆ ಅದು ನಿಂತಿತೆಂದೇ ತಿಳಿಯಬೇಡಿ. ಔಷಧದ ಅಂಗಡಿಯಲ್ಲಿ ಸಿಗುವ ಪರೀಕ್ಷೆಯ ಪಟ್ಟಿಯಿಂದ ಐದು ನಿಮಿಷದಲ್ಲಿ ತಿಳಿಯುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆಗುತ್ತದೆ. ಮುಟ್ಟು ಏರುಪೇರಾಗುತ್ತಿದ್ದರೂ ಬಸುರಾಗುವ ಸಾಧ್ಯತೆ ಇದ್ದೇ ಇರುತ್ತದೆ. ಮಕ್ಕಳು ಸಾಕೆಂದವರು ಆ ವಯಸ್ಸಿನಲ್ಲಿಯೂ ಎಚ್ಚರಿಕೆಯ ಕ್ರಮವನ್ನು ಬಿಡಬಾರದು. ಈ ವಿಷಯದಲ್ಲಿ ನಮ್ಮ ನಾಡು ಹಿಂದುಳಿದದ್ದಲ್ಲ. ಮೈಸೂರು ಸಂಸ್ಥಾನವು 1930ರಲ್ಲಿಯೇ ಸಂತಾನ ನಿಯಂತ್ರಣದ ಸಲಹೆಗಾಗಿ ಸರ್ಕಾರದ ಕೇಂದ್ರಗಳನ್ನು ತೆರೆಯಲು ಒಪ್ಪಿಗೆ ನೀಡಿತ್ತು.

‘ನಮ್ಮಜ್ಜಿ ನಲವತ್ತರಲ್ಲಿ ಹೆತ್ತಳು, ಯಾವ ಡಾಕ್ಟರೂ ಇರಲಿಲ್ಲ’ ಎಂದು ಕೆಲವರು ಹೇಳುವುದುಂಟು. ನಿಜ. ಆ ಕಾಲದ ಸೂಲಗಿತ್ತಿಯರ ಕೈಗುಣ ದೊಡ್ಡದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಕೂಲಿಯಿಲ್ಲದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರಿಗೆ ಕೈಮುಗಿಯೋಣ. ಆದರೆ ಎಷ್ಟು ಕೈಗುಣವಿದ್ದರೂ ರಕ್ತದೊತ್ತಡ, ಸಕ್ಕರೆ ಇವು ಕೈಗೆ ತಿಳಿಯುವುದಿಲ್ಲ. ಅಜ್ಜಿ ಬದುಕಿದಳು, ಆದುದರಿಂದ ಅವಳ ಕಥೆ ನಮಗೆ ತಲುಪಿತು. ಬದುಕದೆ ಹೋದವರ ಕಥೆಯನ್ನು ಹೇಳಲು ಯಾರೂ ಉಳಿಯಲಿಲ್ಲ. 2004–06ರಲ್ಲಿ ಸಹ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದರಲ್ಲಿ ಆಸ್ಪತ್ರೆಯ ಹೆರಿಗೆ ಹೆಚ್ಚಿದುದರ ಪಾಲು ದೊಡ್ಡದು.

ಇನ್ನು ಭಯದ ಲೆಕ್ಕಕ್ಕೆ ಬರೋಣ. ಲೆಕ್ಕ ತಿಳಿಯದ ಭಯ ರಾತ್ರಿಯ ಹೊತ್ತು ದೊಡ್ಡದಾಗಿ ಬೆಳೆಯುತ್ತದೆ. ‘ವಯಸ್ಸಾದವಳಿಗೆ ಹುಟ್ಟುವ ಮಗು ಸರಿಯಾಗಿರುವುದಿಲ್ಲ’ ಎಂಬ ಮಾತು ಊರಲ್ಲಿ ಓಡಾಡುತ್ತದೆ. ಡೌನ್ ಸಿಂಡ್ರೋಮ್ ಎಂಬ ಹುಟ್ಟಿನ ಸ್ಥಿತಿಯೊಂದಿದೆ. ಅದುಳ್ಳ ಮಗುವಿನ ಕಲಿಕೆ ನಿಧಾನ, ಕೆಲವರಿಗೆ ಹೃದಯದ ತೊಂದರೆಯೂ ಇರುತ್ತದೆ. ತಾಯಿಗೆ ಮೂವತ್ತು ವರ್ಷವಿದ್ದಾಗ ಸುಮಾರು 900 ಮಕ್ಕಳಲ್ಲಿ ಒಂದಕ್ಕೆ, ಮೂವತ್ತೈದಕ್ಕೆ ಸುಮಾರು 350ರಲ್ಲಿ ಒಂದಕ್ಕೆ, ನಲವತ್ತಕ್ಕೆ ಸುಮಾರು 100ರಲ್ಲಿ ಒಂದಕ್ಕೆ ಇದು ಬರುತ್ತದೆ. ಏರಿಕೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೂರರಲ್ಲಿ ಒಂದು ಎಂದರೆ ಉಳಿದ ತೊಂಬತ್ತೊಂಬತ್ತಕ್ಕೆ ಅದಿಲ್ಲ ಎಂದೂ ಆಯಿತಲ್ಲವೆ? ಊರಿನವರು ಮೊದಲ ಅರ್ಧವನ್ನು ಮಾತ್ರ ಹೇಳುತ್ತಾರೆ.

ಬಸುರು ಇಳಿದುಹೋಗುವ ಸಂಭವವೂ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಇಪ್ಪತ್ತರ ಹರೆಯದಲ್ಲಿ ಸುಮಾರು ಹತ್ತರಲ್ಲಿ ಒಂದು, ನಲವತ್ತು ದಾಟಿದಾಗ ಮೂರರಲ್ಲಿ ಒಂದು ಅಥವಾ ಅದಕ್ಕೂ ಹೆಚ್ಚು. ಮೊದಲ ತಿಂಗಳುಗಳಲ್ಲಿ ಹೀಗಾಗುವುದಕ್ಕೆ ಬಹುಪಾಲು ಕಾರಣ ಅಂಡದಲ್ಲಿನ ವಂಶವಾಹಿಗಳ ಹಂಚಿಕೆ ಸರಿಯಾಗದಿರುವುದು. ಕೊಡ ಹೊತ್ತದ್ದರಿಂದಲೋ, ಬಸ್ಸು ಹತ್ತಿದ್ದರಿಂದಲೋ, ಯಾರದೋ ಕಣ್ಣು ತಾಗಿದ್ದರಿಂದಲೋ ಅಲ್ಲ. ಹಾಗೆ ಕಳೆದುಕೊಂಡ ಸೊಸೆಗೆ ‘ನೀನೇ ಜೋಪಾನವಾಗಿರಲಿಲ್ಲ’ ಎಂದು ಹೇಳುವ ಅತ್ತೆಯಂದಿರು ಈ ಮಾತನ್ನು ದಯವಿಟ್ಟು ನೆನಪಿಡಬೇಕು.

ತಾಯಿಯ ಮಟ್ಟಿಗೆ ನೋಡಬೇಕಾದವು ಮುಖ್ಯವಾಗಿ ಮೂರು: ರಕ್ತದೊತ್ತಡ, ಸಕ್ಕರೆ, ರಕ್ತಹೀನತೆ. ಒತ್ತಡ 140/90 ಮುಟ್ಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಅಪಾಯ ಹೆಚ್ಚಿರುವವರಿಗೆ ಮೂರನೆಯ ತಿಂಗಳು ಕಳೆದ ಮೇಲೆ ಸಣ್ಣ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ಅವರು ಬರೆದುಕೊಡಬಹುದು, ತಾವಾಗಿ ನುಂಗತಕ್ಕದ್ದಲ್ಲ. ಸಕ್ಕರೆಗಾಗಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಸಿಹಿಮೂತ್ರ ರೋಗವೆಂದು ಲೆಕ್ಕ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ಈ ಪರೀಕ್ಷೆ ಆಗಬೇಕು. ಹೆಚ್ಚಿನವರಿಗೆ ಊಟದ ಕ್ರಮದಿಂದಲೂ ನಡಿಗೆಯಿಂದಲೂ ಅದು ಹತೋಟಿಗೆ ಬರುತ್ತದೆ. ರಕ್ತದ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ನುಂಗಿ ಹಿಂದೆಯೇ ಕಾಫಿ ಟೀ ಕುಡಿದರೆ ಅದರ ಗುಣ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕವಾದರೆ ಒಳ್ಳೆಯದು. ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸುವವರು ಅದನ್ನು ಬಿಡಲೇಬೇಕು.

ಮಗುವಿನ ವಿಷಯ ತಿಳಿಯಲು ದಾರಿಗಳಿವೆ. 11ರಿಂದ 13 ವಾರಗಳಲ್ಲಿ ಒಂದು ಸ್ಕ್ಯಾನ್ ಮತ್ತು ರಕ್ತಪರೀಕ್ಷೆ. 18ರಿಂದ 20 ವಾರಗಳಲ್ಲಿ ಅಂಗಾಂಗಗಳನ್ನು ನೋಡುವ ಸ್ಕ್ಯಾನ್. ಮೊದಲ ಪರೀಕ್ಷೆಯಲ್ಲಿ ಸಂಶಯ ಬಂದರೆ ಅದು ತೀರ್ಪಲ್ಲ, ಮುಂದಿನ ಪರೀಕ್ಷೆಗೆ ಸೂಚನೆ ಮಾತ್ರ. 15 ವಾರ ಕಳೆದ ಮೇಲೆ ಗರ್ಭದ ನೀರನ್ನು ತೆಗೆದು ನೋಡಿದರೆ ಖಚಿತವಾಗುತ್ತದೆ. ಬೇಕೋ ಬೇಡವೋ ಎಂಬುದು ಬಸುರಿಯ ಇಚ್ಛೆ. ಈ ಯಾವ ಪರೀಕ್ಷೆಯಲ್ಲಿಯೂ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯ ಪ್ರಕಾರ ಅಪರಾಧ. ಮಗು ಗಂಡಾಗುವುದೂ ಹೆಣ್ಣಾಗುವುದೂ ತಂದೆಯ ಬೀಜದಿಂದ ತೀರ್ಮಾನವಾಗುವುದು. ಮೂವತ್ತೆಂಟರ ಹೆಂಡತಿಯನ್ನು ನಾಲ್ಕನೆಯ ಹೆರಿಗೆಗೆ ನೂಕುವ ಗಂಡಂದಿರಿಗೆ ಈ ಮಾತು ತಲುಪಬೇಕು.

ಬೇಡದ ಬಸುರಾಗಿದ್ದರೆ ಕದ್ದುಮುಚ್ಚಿ ಕಷಾಯ ಕುಡಿಯುವುದು, ಅಂಗಡಿಯಿಂದ ಮಾತ್ರೆ ತರಿಸಿ ನುಂಗುವುದು ಪ್ರಾಣಾಪಾಯ. 2021ರ ತಿದ್ದುಪಡಿಯಾದ ಕಾಯಿದೆಯಂತೆ, ಕಾನೂನು ಒಪ್ಪಿದ ಕಾರಣಗಳಿಗೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭವನ್ನು ತೆಗೆಸಿಕೊಳ್ಳಬಹುದು. ಸಂತಾನ ನಿಯಂತ್ರಣದ ಕ್ರಮ ವಿಫಲವಾದುದೂ ಅಂಥ ಕಾರಣವೇ. ವಯಸ್ಕ ಹೆಂಗಸಿಗೆ ಅವಳದೇ ಒಪ್ಪಿಗೆ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ವಿಷಯವನ್ನು ಹೊರಗಿನವರಿಗೆ ಹೇಳದಿರುವುದು ಆಸ್ಪತ್ರೆಯವರ ಕರ್ತವ್ಯ. ಇಟ್ಟುಕೊಳ್ಳಬೇಕೆಂದರೂ ಸರಿಯೇ. ಎರಡೂ ಅವಳ ತೀರ್ಮಾನ. ಆದರೆ ತೀರ್ಮಾನಕ್ಕೆ ಕಾಲ ಬೇಕು, ಕಾಲ ಬೇಕಾದರೆ ಬೇಗ ತಿಳಿಯಬೇಕು.

ಇನ್ನೂ ಮಗುವಿಗಾಗಿ ಕಾದಿರುವವರಿಗೆ ಒಂದು ಮಾತು. ಮೂವತ್ತೈದು ದಾಟಿದವರು ಆರು ತಿಂಗಳು ನೋಡಿ ವೈದ್ಯರ ಬಳಿ ಹೋಗಬೇಕು. ನಲವತ್ತು ದಾಟಿದವರು ಕಾಯಲೇಬಾರದು. ಗಂಡನಿಗೂ ಪರೀಕ್ಷೆ ಆಗಬೇಕು. ಹಣ ಕಟ್ಟುವ ಮುನ್ನ ‘ನನ್ನ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಜನರ ಮಡಿಲು ತುಂಬಿದೆ?’ ಎಂದು ಕೇಳಿರಿ. ಸ್ವಂತ ಅಂಡದಿಂದ ಫಲ ಸಿಗುವುದು ನಲವತ್ತರ ನಂತರ ಬಹಳ ಇಳಿಯುತ್ತದೆ. 2021ರ ಕಾಯಿದೆಯಂತೆ ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮೇಲೆ ಈ ಚಿಕಿತ್ಸೆಗೆ ಅವಕಾಶವಿಲ್ಲ. ಜಮೀನು ಮಾರುವ ಮುನ್ನ ಇದನ್ನೆಲ್ಲ ತಿಳಿದುಕೊಳ್ಳಬೇಕು.

ಈಗ ಮನಸ್ಸಿನ ಮಾತು. ಚಿಂತೆ ಬಿಡು ಎಂದರೆ ಚಿಂತೆ ಹೋಗುವುದಿಲ್ಲ. ಅದನ್ನು ವಿಂಗಡಿಸಬೇಕು. ಅಕ್ಕಿ ಆರಿಸುವಾಗ ಕಲ್ಲು ಬೇರೆ, ನುಚ್ಚು ಬೇರೆ ಮಾಡುವಂತೆ ಮಾಡಿ. ಒತ್ತಡ, ಸಕ್ಕರೆ, ಮಗುವಿನ ಬೆಳವಣಿಗೆ, ಇವು ವೈದ್ಯರ ಚಿಂತೆ. ಕಾಗದದ ಮೇಲೆ ಬರೆದುಕೊಂಡು ಹೋಗಿ ಕೇಳಿರಿ. ಹಸು ಯಾರು ಕರೆಯಬೇಕು, ಬಾಣಂತನ ಯಾರು ಮಾಡಬೇಕು, ತವರಿನಲ್ಲಿ ಅಮ್ಮನೇ ಮುದುಕಿಯಾದಳಲ್ಲ, ಇವು ಮನೆಯವರ ಚಿಂತೆ. ಗಂಡ, ಅತ್ತೆ, ನಾದಿನಿ, ಬೆಳೆದ ಮಕ್ಕಳು ಕುಳಿತು ಹಂಚಿಕೊಳ್ಳಬೇಕು. ‘ಮಗ ಕಾಲೇಜು ಸೇರುವ ಹೊತ್ತಿಗೆ ನನಗೆ ಅರವತ್ತು’ ಎಂಬುದು ನಿಜವಾದ ಚಿಂತೆಯೇ. ಅದಕ್ಕೆ ಮದ್ದು ಉಳಿತಾಯ ಮತ್ತು ಬಂಧುಬಳಗ. ಜನ ಏನೆನ್ನುವರೋ ಎಂಬುದು ಮಾತ್ರ ಬರಿಯ ಹೊಟ್ಟು. ಅದನ್ನು ಮೊರದಿಂದ ಕೇರಿ ತೂರಿಬಿಡಬೇಕು.

ಬೆಳೆದ ಮಗಳಿಗೆ ಹೇಗೆ ಹೇಳುವುದು ಎಂಬ ಅಂಜಿಕೆ ಹಲವರಿಗೆ. ಸರಳವಾಗಿ ಹೇಳಿರಿ. ‘ನೋಡಮ್ಮ, ಹೀಗಾಗಿದೆ. ಡಾಕ್ಟರ ಹತ್ತಿರ ಹೋಗಬೇಕು, ನೀನು ಜೊತೆಗೆ ಬಾ’ ಎಂದರೆ ಸಾಕು. ನಾಚಿಕೆಯ ಮಾತು ಕೆಲಸದ ಮಾತಾಗುತ್ತದೆ. ಎರಡು ವಾರ ನಿದ್ರೆಯಿಲ್ಲ, ಊಟ ಸೇರದು, ಸಾಯೋಣವೆನಿಸುತ್ತದೆ ಎಂದಾದರೆ ಅದು ಕಾಯಿಲೆ, ಮನೋಬಲದ ಕೊರತೆಯಲ್ಲ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಕಾರ್ಖಾನೆಯ ಸೋದರಿಯರು ಇದನ್ನು ಗಮನಿಸಿರಿ. ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರ, ಎರಡು ಮಕ್ಕಳು ಇದ್ದವರಿಗೆ 12 ವಾರ ಸಂಬಳ ಸಹಿತ ಹೆರಿಗೆ ರಜೆಯಿದೆ. ಇ.ಎಸ್.ಐ. ಕಾರ್ಡುಳ್ಳವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಿದೆ. ಉಳಿದವರಿಗೆ ಹತ್ತಿರದ ಆರೋಗ್ಯ ಕೇಂದ್ರ. ಅಲ್ಲಿಂದ ಮುಂದೆ 1935ರಿಂದ ನಡೆಯುತ್ತಿರುವ ವಾಣಿ ವಿಲಾಸ ಆಸ್ಪತ್ರೆ. ಕೆಂಗೇರಿಯಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಆಸ್ಪತ್ರೆ ಹತ್ತಿರವೇ. ತಪಾಸಣೆಯ ದಿನಕ್ಕೆ ಮೆಟ್ರೋ ಸರಿ; ಅಪಾಯದ ಹೊತ್ತಿಗೆ 108.

ಕೊನೆಯದಾಗಿ, ಗೋಡೆಗೆ ಅಂಟಿಸಿಡಬೇಕಾದ ಮಾತುಗಳು:

1. ಮಗು ಬೇಕೆಂದು ಯೋಚಿಸಿದಂದಿನಿಂದಲೇ ವೈದ್ಯರನ್ನು ಕೇಳಿ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸಿರಿ.

2. ಮುಟ್ಟು ತಪ್ಪಿದ ಕೂಡಲೇ ಪರೀಕ್ಷೆ. ಬಸುರೆಂದು ತಿಳಿದ ಕೂಡಲೇ ತಾಯಿ ಕಾರ್ಡು ಮಾಡಿಸಿರಿ. ಮೊದಲಿನಿಂದ ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಿರಿ, ತಾವಾಗಿ ನಿಲ್ಲಿಸಬೇಡಿರಿ.

3. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ. ಇದು 2016ರಿಂದ ನಡೆದುಬಂದಿದೆ.

4. ಅಂಗನವಾಡಿಯ ಮಾತೃಪೂರ್ಣ ಊಟಕ್ಕೆ ನಾಚಬೇಡಿ. ಅಲ್ಲಿ ವಯಸ್ಸು ಕೇಳಿ ಬಡಿಸುವುದಿಲ್ಲ.

5. ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದುವುದು, ಮೇಲ್ಹೊಟ್ಟೆಯ ನೋವು, ಜ್ವರ, ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿರಿ.

6. ಹೆರಿಗೆ ಮನೆಯಲ್ಲಿ ಬೇಡ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಆಪರೇಷನ್ ಆಗಲೇಬೇಕೆಂದಿಲ್ಲ. ಆದರೆ ಬೇಕಾದಾಗ ಅದು ಸಿಗುವಂಥ ಆಸ್ಪತ್ರೆಯಲ್ಲಿಯೇ ಹೆರಬೇಕು.

ನಮ್ಮ ಬೀದಿಯಲ್ಲಿ ಯಾರಾದರೂ ಸೆರಗನ್ನು ಬಿಗಿಯಾಗಿ ಹೊದ್ದು ಓಡಾಡುತ್ತಿದ್ದರೆ ನಗಬೇಡಿ. ಪಕ್ಕದಲ್ಲಿ ಕುಳಿತು, ‘ಅಕ್ಕಾ, 9ನೇ ತಾರೀಖು ನಾನೂ ಬರ್ತೀನಿ, ಹೋಗಿಬರೋಣ’ ಎನ್ನಿ. ಒಬ್ಬಳೇ ಹೊರುವ ಚಿಂತೆಯನ್ನು ಇಬ್ಬರು ಹೊತ್ತರೆ ಅರ್ಧವಾಗುತ್ತದೆ. ಈ ಊರಿನ ಹೆಂಗಸರು ಅಷ್ಟು ಮಾಡಬಲ್ಲರೆಂದು ನನಗೆ ನಂಬಿಕೆಯಿದೆ.