ನಿಂತ ಜಾಗದ ಮಾತು

ಆಶಯ ಭಾಷಣ ಚಿಕ್ಕದಾಗಿರಲಿ ಎಂದು ಸಂಘಟಕರು ಮೊದಲೇ ಹೇಳಿದ್ದಾರೆ. ಊಟಕ್ಕೆ ಮುಂಚೆ ಎರಡು ಗೋಷ್ಠಿಗಳಿವೆಯಂತೆ. ಹಾಗಾಗಿ ಪೀಠಿಕೆ ಬಿಟ್ಟು ನೇರ ಬಸ್ ನಿಲ್ದಾಣಕ್ಕೇ ಹೋಗೋಣ.

2021ರ ಏಪ್ರಿಲ್. ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ ಎಂದು ಸಾರಿಗೆ ನೌಕರರು 7ನೇ ತಾರೀಖಿನಿಂದ ಮುಷ್ಕರಕ್ಕೆ ಇಳಿದಿದ್ದರು. ಸರ್ಕಾರ ಖಾಸಗಿ ವಾಹನಗಳನ್ನು ನಿಲ್ದಾಣದೊಳಗೇ ಬಿಟ್ಟುಕೊಂಡಿತ್ತು. ಮಂಡ್ಯದಲ್ಲಿ ನನ್ನ ಪಕ್ಕ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕಾಯುತ್ತಿದ್ದರು. ಹೂವಿನ ಮೇಲೆ ಒದ್ದೆ ಗೋಣಿತಾಟು. ಬಿಸಿಲೇರಿದಂತೆ ಅದೂ ಒಣಗುತ್ತಿತ್ತು. "ಇವ್ರಿಗೇನು ರೋಗ? ತಿಂಗಳಾದ್ರೆ ಸಂಬಳ ಬತ್ತದೆ" ಎಂದು ಬೈದರು. ಕೊನೆಗೆ ಒಂದು ಮಿನಿ ಬಸ್ ಬಂತು. ಆಕೆಗೊಂದು, ಬುಟ್ಟಿಗೊಂದು ಟಿಕೆಟ್ ಕೇಳಿತು. "ನಮ್ ಕೆಂಪು ಬಸ್ಸೇ ವಾಸಿ ಕಣಪ್ಪ. ಆ ಕಂಡಕ್ಟ್ರು ಬುಟ್ಟಿಗೆ ಕಾಸು ಕೇಳ್ತಿರ್ಲಿಲ್ಲ. ಪಾಪ, ಅವ್ರಿಗೂ ಹೆಂಡ್ರು ಮಕ್ಳು ಇಲ್ವಾ?" ಎಂದರು. ಎರಡು ಮಾತಿನ ನಡುವೆ ಹತ್ತು ನಿಮಿಷವೂ ಆಗಿರಲಿಲ್ಲ.

ಜನಾಭಿಪ್ರಾಯ ಸಮೀಕ್ಷೆಯ ನಮ್ಮ ಪ್ರಶ್ನಾವಳಿ ಆಕೆಯ ಹೆಸರಿನ ಮುಂದೆ ಯಾವ ಮನೆಗೆ ಟಿಕ್ ಹಾಕುತ್ತದೆ? ಮುಷ್ಕರದ ಪರವೋ, ವಿರೋಧವೋ? ಇದನ್ನು ಗೊಂದಲ ಎಂದು ಬರೆದುಕೊಳ್ಳುವುದು ನಮ್ಮ ಕಸುಬಿನ ಸೋಮಾರಿತನ. ಮೊದಲ ಮಾತು ಬಾಡುತ್ತಿದ್ದ ಹೂವಿನದು, ಎರಡನೆಯದು ಬುಟ್ಟಿಯ ಟಿಕೆಟ್ಟಿನದು. ಎರಡೂ ನಿಜ.

2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೂ ಇದೇ ಆಟ. ಬಸ್ಸಿನಲ್ಲಿ ಸೀಟು ಸಿಗದೆ ನಿಂತವನಿಗೆ ಅದು "ಬಿಟ್ಟಿ ಭಾಗ್ಯ". ಮಗಳು ಶೂನ್ಯ ಟಿಕೆಟ್ಟಿನಲ್ಲಿ ಕಾಲೇಜಿಗೆ ಹೋಗುವಾಗ ಅದೇ ಅಪ್ಪನಿಗೆ ಅದು ಉಳಿತಾಯ. ಆ ಟಿಕೆಟ್ ಕೈಗಿಡುವ ಕಂಡಕ್ಟರನ್ನು ಮಾತ್ರ ಈ ಚರ್ಚೆಯಲ್ಲಿ ಯಾರೂ ಮಾತಾಡಿಸಲಿಲ್ಲ. 38 ತಿಂಗಳ ಸಂಬಳದ ಹಿಂಬಾಕಿ ಕೇಳಿ 2025ರ ಆಗಸ್ಟ್ 5ರಂದು ಬಸ್ ನಿಲ್ಲಿಸಿದಾಗಲೇ ಆತ ನಮ್ಮ ಕಣ್ಣಿಗೆ ಬಿದ್ದದ್ದು.

ಬಸ್ಸಿನ ಮಾತು ಹೀಗಾದರೆ, ಯುದ್ಧದ ಮಾತಾದರೂ ಬೇರೆಯೇ ಎಂದುಕೊಂಡಿದ್ದೆ. ದೂರದ ದೇಶ, ಟಿವಿಯ ನಕಾಶೆ, ಬಾಯಿಗೆ ಬಂದ ತೀರ್ಪು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಅಂದು ಸಂಜೆ ನಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಪುಟಿನ್, ನ್ಯಾಟೊ ಎಂದು ಶುರುವಾದ ಮಾತು ಎರಡನೇ ಲೋಟದ ಹೊತ್ತಿಗೆ ಎಲ್ಲಿಗೆ ಬಂದಿತ್ತು ಗೊತ್ತೇ? ಇಲ್ಲಿನ ಮೆಡಿಕಲ್ ಸೀಟಿನ ಬೆಲೆಗೆ. ಅಷ್ಟು ಓದುವ ಹುಡುಗ ಅಲ್ಲಿಗೇಕೆ ಹೋಗಬೇಕಾಯಿತು ಎಂಬಲ್ಲಿಗೆ. ಮುಂದಿನ ವಾರಗಳಲ್ಲಿ ಮಾತು ಸೂರ್ಯಕಾಂತಿ ಎಣ್ಣೆಯ ದರಕ್ಕೆ ಇಳಿಯಿತು. ವಿದೇಶಾಂಗ ನೀತಿಯ ಪಂಡಿತರು ಇದನ್ನು ವಿಷಯಾಂತರ ಎನ್ನಬಹುದು. ನನಗಂತೂ ಅಂದು ಸ್ಟುಡಿಯೋಗಳಲ್ಲಿ ಕೂತವರಿಗಿಂತ ಚಹಾ ಅಂಗಡಿಯವರೇ ವಿಷಯಕ್ಕೆ ಹತ್ತಿರವಿದ್ದರು ಅನ್ನಿಸಿತು. (ಆ ಅಂಗಡಿಯಾತ ಬೋಂಡಾ ಕರಿಯುವುದನ್ನು ಒಂದು ತಿಂಗಳು ನಿಲ್ಲಿಸಿದ್ದ. ಅದೂ ಒಂದು ಅಭಿಪ್ರಾಯವೇ.)

ಎರಡು ದಿನ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದೇ ಕೋರಿಕೆ. ಜನ ಏನಂದರು ಎಂಬುದರ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಯಿರಿ: ಹಾಗನ್ನುವಾಗ ಅವರು ಎಲ್ಲಿ ನಿಂತಿದ್ದರು, ಎಷ್ಟು ಹೊತ್ತಿನಿಂದ ಕಾಯುತ್ತಿದ್ದರು, ಕೈಯಲ್ಲಿ ಏನಿತ್ತು.