ರಕ್ತವೂ ಕುಸ್ತಿಯೂ

ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಎಂಬ ಗಾದೆ ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಇಂದಿಗೂ ಜನರ ನಾಲಿಗೆಯ ಮೇಲಿದೆ. ಸೋತವನು ಸೋಲನ್ನೊಪ್ಪದೆ ನುಣುಚಿಕೊಂಡಾಗ ಅವನನ್ನು ಹಾಸ್ಯಮಾಡಲು ಹಿರಿಯರು ಆಡುತ್ತಿದ್ದ ಮಾತು ಇದು. ಆದರೆ ಈಚೆಗೆ ಒಂದು ಬಗೆಯ ಕುಸ್ತಿ ನಮ್ಮ ಮನೆಗಳೊಳಗೆ ಬಂದು ಕುಳಿತಿದೆ. ಅದರಲ್ಲಿ ಜಾರಿ ಬೀಳುವುದು ನಿಜವಾಗಿಯೂ ಒಂದು ಪಟ್ಟೇ. ಬೀಳತಕ್ಕವನು ಯಾರು, ಎಷ್ಟು ಹೊತ್ತಿಗೆ ಬೀಳಬೇಕು, ಯಾವುದರ ಮೇಲೆ ಬೀಳಬೇಕು ಎಂಬುದೆಲ್ಲ ಕಣಕ್ಕೆ ಇಳಿಯುವ ಮೊದಲೇ ನಿಶ್ಚಯವಾಗಿರುತ್ತದೆ. ದೂರದರ್ಶನದ ಪೆಟ್ಟಿಗೆಯಲ್ಲಿ, ಈಗ ಅಂಗೈಯ ಮೊಬೈಲಿನಲ್ಲಿ, ನಮ್ಮ ಹುಡುಗರು ಕಣ್ಣು ಮಿಟುಕಿಸದೆ ನೋಡುವ ಅಮೆರಿಕದ ವೃತ್ತಿಪರ ಕುಸ್ತಿ ಇದು.

ಇದರಲ್ಲಿಯೂ ಒಂದು ಒಳಪಂಗಡ ಉಂಟು. ಅದಕ್ಕೆ ಹಾರ್ಡ್‌ಕೋರ್ ಎಂದು ಹೆಸರು. ಕಬ್ಬಿಣದ ಕುರ್ಚಿಯಿಂದ ಹೊಡೆಯುವುದು, ಮೇಜು ಮುರಿಯುವಂತೆ ಅದರ ಮೇಲೆ ಎದುರಾಳಿಯನ್ನು ಕೆಡಹುವುದು, ಏಣಿ ಹತ್ತಿ ಧುಮುಕುವುದು, ಮುಳ್ಳುತಂತಿ, ಟ್ಯೂಬ್‌ಲೈಟು, ಕೊನೆಗೆ ಹಣೆಯಿಂದ ಇಳಿಯುವ ರಕ್ತ. ಇದರ ಅಭಿಮಾನಿಗಳ ವಾದ ಬಹಳ ಸರಳವಾದದ್ದು. ಉಳಿದ ಪ್ರದರ್ಶನ ಕುಸ್ತಿಯೆಲ್ಲ ನಾಟಕ, ಇದೊಂದೇ ಗಂಡುಕುಸ್ತಿ. ಏಕೆಂದರೆ ಇಲ್ಲಿ ಹರಿಯುವ ರಕ್ತ ನಿಜವಾದ ರಕ್ತ. ಈ ಕೀರ್ತಿಗೆ ಅದು ಅರ್ಹವೇ, ಅಲ್ಲವೇ ಎಂಬುದನ್ನು ತಮ್ಮೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನನ್ನ ಉದ್ದೇಶ.

ಇದು ನನ್ನಂಥ ಕನ್ನಡದ ಮೇಷ್ಟರಿಗೆ ಏಕೆ ಬೇಕು ಎಂದು ತಾವು ಕೇಳಬಹುದು. ಹಿಂದೆ ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ಊಟದ ಬಿಡುವಿನ ಹೊತ್ತು ಒಬ್ಬ ಹುಡುಗ ಬೆಂಚಿನ ಮೇಲೆ ನಿಂತು ಇನ್ನೊಬ್ಬನ ಮೇಲೆ ಧುಮುಕಿ ಕೊರಳೆಲುಬು ಮುರಿದುಕೊಂಡ. ಸುತ್ತ ನಿಂತ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮರುವಾರ ತರಗತಿಯಲ್ಲಿ ಆ ಮಾತೆತ್ತಿ, ತೆರೆಯ ಮೇಲಿನವರು ಮೊದಲೇ ಮಾತಾಡಿಕೊಂಡು ಆಡುತ್ತಾರಪ್ಪ ಎಂದು ಹೇಳಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಮೇಷ್ಟ್ರೇ, ಎಲ್ಲಾ ಮುಂಚೇನೇ ಗೊತ್ತು ಮಾಡ್ಕಂಡು ಆಡ್ತಾರೆ ಅಂತೀರಲ್ಲ, ಹಂಗಾರೆ ಆ ರಕ್ತ?" ಎಂದ. ಪ್ರಶ್ನೆ ಚಿಕ್ಕದು, ಉತ್ತರ ಚಿಕ್ಕದಲ್ಲ.

ಮೊದಲು ಆಟದ ಸ್ವರೂಪ ತಿಳಿಯೋಣ. ನಮ್ಮ ದೇಶಕ್ಕೂ ಪ್ರದರ್ಶನ ಕುಸ್ತಿ ಹೊಸದಲ್ಲ. 1950 ಮತ್ತು 60ರ ದಶಕಗಳಲ್ಲಿ ದಾರಾಸಿಂಗ್ ಮತ್ತು ಕಿಂಗ್‌ಕಾಂಗ್ ಎಂಬ ಹೆಸರು ಕೇಳಿದರೆ ಸಾಕು, ಜನ ಸಾವಿರಗಟ್ಟಲೆ ಕೂಡುತ್ತಿದ್ದರು. ಆಗ ಇದು ನಿಜವೋ ನಾಟಕವೋ ಎಂಬ ಜಗಳ ಮನೆ ಮನೆಯಲ್ಲಿಯೂ ಇತ್ತು. ಆ ಜಗಳವನ್ನು ಮುಗಿಸಿದವರು ಅಮೆರಿಕದ ಕುಸ್ತಿ ಕಂಪೆನಿಯವರೇ. 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ, ಎಂದು ಅವರು ಒಪ್ಪಿಕೊಂಡರು. ಕ್ರೀಡೆಯೆಂದು ಲೆಕ್ಕಹಾಕಿದರೆ ಸರ್ಕಾರದ ಕಟ್ಟಳೆಗಳೂ ತೆರಿಗೆಯೂ ಬೆನ್ನುಹತ್ತುತ್ತಿದ್ದವು. ಗುಟ್ಟು ಹೊರಬಿದ್ದ ಮೇಲೆ ಪ್ರೇಕ್ಷಕನಿಗೆ ನಂಬಿಕೆ ಹುಟ್ಟಿಸಲು ಬೇರೇನಾದರೂ ಬೇಕಾಯಿತು. ಅದೇ ವರ್ಷ ಜಪಾನಿನಲ್ಲಿ ಅತ್ಸುಶಿ ಒನಿತಾ ಎಂಬಾತ ಒಂದು ಸಂಸ್ಥೆ ಕಟ್ಟಿ, ಮುಂದೆ ಮುಳ್ಳುತಂತಿಗೆ ಸಿಡಿಮದ್ದು ಕಟ್ಟಿದ ಕಣದೊಳಗೆ ಕುಸ್ತಿಯಾಡತೊಡಗಿದ. 1990ರ ದಶಕದಲ್ಲಿ ಅಮೆರಿಕದಲ್ಲಿಯೂ ಈ ರೀತಿಗೆ ದೊಡ್ಡ ಹೆಸರು ಬಂತು.

ಆ ಹುಡುಗನ ಪ್ರಶ್ನೆಗೆ ನೇರವಾದ ಉತ್ತರ ಹೀಗೆ: ಕಾಳಗ ಸುಳ್ಳು, ರಕ್ತ ನಿಜ. ಎಷ್ಟೋ ವೇಳೆ ಕುಸ್ತಿಯವನು ಸಣ್ಣದೊಂದು ಬ್ಲೇಡಿನ ಚೂರನ್ನು ಕೈಪಟ್ಟಿಯಲ್ಲಿ ಅಡಗಿಸಿಟ್ಟುಕೊಂಡು, ಮುಖ ಮುಚ್ಚಿ ಬಿದ್ದಿರುವಾಗ ತನ್ನ ಹಣೆಯನ್ನು ತಾನೇ ಗೀರಿಕೊಳ್ಳುತ್ತಾನೆ. ಎದುರಾಳಿಯ ಹೊಡೆತಕ್ಕೂ ಆ ರಕ್ತಕ್ಕೂ ಸಂಬಂಧವೇ ಇಲ್ಲ. ಇನ್ನು ಕೆಲವು ವೇಳೆ ಹೊಡೆತವೂ ಬೀಳುವಿಕೆಯೂ ನಿಜವೇ. 1998ರ ಜೂನ್ 28ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಮಿಕ್ ಫೋಲಿ ಎಂಬಾತನನ್ನು ಸುಮಾರು 16 ಅಡಿ ಎತ್ತರದ ಕಬ್ಬಿಣದ ಪಂಜರದ ಮೇಲಿನಿಂದ ಕೆಳಗಿನ ಮೇಜಿನ ಮೇಲಕ್ಕೆ ಎಸೆಯಲಾಯಿತು. ಆತ ಎದ್ದು ಮತ್ತೆ ಪಂಜರ ಹತ್ತಿದ. ಈ ಸಲ ಯಾರ ಯೋಜನೆಯಲ್ಲಿಯೂ ಇಲ್ಲದಂತೆ ಪಂಜರದ ಮೇಲ್ಛಾವಣಿಯೇ ಕಿತ್ತುಬಂದು, ಆತ ಒಳಗಿನ ಕಣಕ್ಕೆ ಬಿದ್ದ. ಅಭಿಮಾನಿಗಳು ಇಂದಿಗೂ ಕೊಂಡಾಡುವ ಪಂದ್ಯ ಅದೇ.

ಇಂಥವರಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸದಿರುವುದು ನ್ಯಾಯವಲ್ಲ. ಬೀಳುವುದು ಒಂದು ವಿದ್ಯೆ. ಗದ್ದವನ್ನು ಎದೆಗೊತ್ತಿ, ಬೆನ್ನಗಲಕ್ಕೂ ಪೆಟ್ಟು ಹಂಚಿಹೋಗುವಂತೆ ಬೀಳಲು ವರ್ಷಗಟ್ಟಲೆ ಸಾಮು ಮಾಡಬೇಕು. ಅದಕ್ಕಿಂತಲೂ ದೊಡ್ಡದು ಪರಸ್ಪರ ನಂಬಿಕೆ. ತಲೆಕೆಳಗಾಗಿ ಎತ್ತಿಸಿಕೊಂಡವನು ತನ್ನ ಕುತ್ತಿಗೆಯನ್ನು ಎದುರಾಳಿಯ ಕೈಗೆ ಒಪ್ಪಿಸಿರುತ್ತಾನೆ. ನಾಟಕವೆಂಬ ಮಾತನ್ನು ಬೈಗುಳವಾಗಿ ಬಳಸುವುದೂ ನನಗೆ ಸಮ್ಮತವಲ್ಲ. ಕುರುಕ್ಷೇತ್ರ ನಾಟಕವಾಡದ ಹಳ್ಳಿ ನಮ್ಮ ಮಂಡ್ಯದ ಸೀಮೆಯಲ್ಲಿ ಎಷ್ಟು ಸಿಕ್ಕೀತು? ಭೀಮನ ಗದೆ ಹಗುರವಾದದ್ದೆಂದು ಎದುರು ಕುಳಿತ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕುಳಿತು ಕಣ್ಣೀರು ಹಾಕುತ್ತೇವೆ. ಆದರೆ ಒಂದು ಮಾತು. ದುರ್ಯೋಧನನ ಪಾತ್ರಧಾರಿಯ ತೊಡೆಯನ್ನು ನಿಜವಾಗಿಯೂ ಮುರಿದರೇ ನಾಟಕ ಚೆನ್ನಾಗಿ ಕಳೆಗಟ್ಟೀತು ಎಂದು ಯಾವ ಊರಿನ ಯಜಮಾನನಾದರೂ ಹೇಳಿಯಾನೆ? ಹಾರ್ಡ್‌ಕೋರ್ ಕುಸ್ತಿಯ ಅಭಿಮಾನಿ ಹೇಳುವುದು ಹೆಚ್ಚು ಕಡಿಮೆ ಅದನ್ನೇ.

ರಕ್ತ ಹರಿಯುವ ಕುಸ್ತಿ ಪರದೇಶದ ಸರಕು, ನಮ್ಮದು ಸಾತ್ವಿಕವಾದದ್ದು ಎಂದು ಹೆಮ್ಮೆಪಡುವ ಹಾಗೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಜಟ್ಟಿ ಎಂಬ ನಮ್ಮ ಶಬ್ದದ ಹಿಂದಿರುವ ಜ್ಯೇಷ್ಠಿ ಎಂಬ ಮಾತಿನ ಬಳಗವನ್ನು ಅಲ್ಲಿ ಕಾಣಬಹುದು. ವಿನೋದ ಎಂಬ ಹೆಸರನ್ನೇ ಗಮನಿಸಿ. ನೋಡುವವನ ಸಂತೋಷ ಆಗಲೂ ಲೆಕ್ಕದಲ್ಲಿತ್ತು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಮಹಾನವಮಿಯ ಮಲ್ಲಯುದ್ಧದಲ್ಲಿ ಹಲ್ಲು ಉದುರಿ, ಕಣ್ಣು ಹೋಗಿ, ಮಾತಾಡಲಾರದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದುದನ್ನು ಹೇಳುತ್ತಾನೆ. ಮುಂದೆ ಬಂದ ನೂನಿಜ್, ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುವ ಅರಸನ ಮಲ್ಲರ ವಿಷಯ ಬರೆದಿದ್ದಾನೆ. ಇದೇ ವಜ್ರಮುಷ್ಟಿಯ ಬಳಗದ ಕಾಳಗ.

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣಕ್ಕೆ ಬಂದರೆ ಕಥೆ ಇನ್ನೂ ಹತ್ತಿರವಾಗುತ್ತದೆ. 1610ರಲ್ಲಿ ರಾಜ ಒಡೆಯರು ದಸರಾ ಉತ್ಸವವನ್ನು ಆರಂಭಿಸಿದ್ದು ಅಲ್ಲಿಯೇ. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ನಾವಿಕನ ಕಥನ 1824ರಲ್ಲಿ ಅಚ್ಚಾಯಿತು. ತಲೆ ಬೋಳಿಸಿ ಮೈಗೆ ಎಣ್ಣೆ ಹಚ್ಚಿದ ಜಟ್ಟಿಗಳು ಕೊರಳಿನ ಹೂವನ್ನು ಪರಸ್ಪರರ ಮುಖಕ್ಕೆ ಎಸೆದು ಕಾಳಗ ಆರಂಭಿಸುತ್ತಿದ್ದರಂತೆ. ಬಲಗೈಯಲ್ಲಿ ಉಕ್ಕಿನ ನಾಲ್ಕು ಉಗುರುಗಳು. ಜಟ್ಟಿ ಹಿಂಜರಿದರೆ ಹುರಿದುಂಬಿಸಲು ಪ್ರತಿಯೊಬ್ಬನ ಬೆನ್ನ ಹಿಂದೆಯೂ ಆಯುಧ ಹಿಡಿದ ಇಬ್ಬರು ಗಟ್ಟಿಗರು ನಿಂತಿರುತ್ತಿದ್ದರೆಂದೂ ಆತ ಬರೆಯುತ್ತಾನೆ. ಸೆರೆಯಿಟ್ಟವನ ಬಗ್ಗೆ ಸೆರೆಯಾಳು ಬರೆದದ್ದು. ಒಂದಿಷ್ಟು ಜರಡಿ ಹಿಡಿದೇ ಓದಬೇಕು. ಆದರೂ ಬೆನ್ನ ಹಿಂದೆ ನಿಂತ ಆ ಇಬ್ಬರನ್ನು ತಾವು ನೆನಪಿನಲ್ಲಿಡಬೇಕು. ಬಡೋದೆಯ ಕಥೆ ಇನ್ನೂ ಘೋರ. 1860ರ ದಶಕದಲ್ಲಿ ಅಲ್ಲಿಗೆ ಹೋದ ಫ್ರೆಂಚ್ ಪ್ರವಾಸಿ ರೂಸ್ಸೆಲೆ, ಭಂಗಿಯ ಅಮಲಿನಲ್ಲಿ ಉಗುರಾಯುಧ ತೊಟ್ಟು ಸಾಯುವವರೆಗೂ ಕಾದಾಡುವವರನ್ನು ವರ್ಣಿಸಿದ್ದಾನೆ.

ಮೈಸೂರಿನಲ್ಲಿ ಉಳಿದುಬಂದಿರುವುದು ಬೇರೆ ರೀತಿ. ವಿಜಯದಶಮಿಯ ದಿನ ಅರಮನೆಯ ಒಳ ಅಂಗಳದಲ್ಲಿ ಜಟ್ಟಿಗಳು ಜೋಡಿಯಾಗಿ ಇಳಿಯುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನದವರು. ಬೋಳಿಸಿದ ತಲೆ, ಬಿಗಿದ ಕಾಸೆ, ಗೆಣ್ಣುಗಳ ಮೇಲೆ ವಜ್ರಮುಷ್ಟಿ. ಒಬ್ಬನ ತಲೆಯಿಂದ ರಕ್ತ ಕಾಣಿಸಿಕೊಂಡಿತೋ, ಅಲ್ಲಿಗೆ ಕಾಳಗ ಮುಗಿಯಿತು. ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಎಷ್ಟೋ ವರ್ಷ ಒಂದು ನಿಮಿಷದೊಳಗೇ ಎಲ್ಲ ಮುಗಿದುಹೋಗುತ್ತದೆ. ಆಮೇಲೆ ಬನ್ನಿಪೂಜೆಗೆ ವಿಜಯಯಾತ್ರೆ ಹೊರಡುತ್ತದೆ. ಇದನ್ನೂ ಒಪ್ಪದವರು ಇದ್ದಾರೆ, ಅವರ ಮಾತಿನಲ್ಲಿಯೂ ಹುರುಳಿದೆ. ಆದರೆ ರಕ್ತಕ್ಕೆ ಇಲ್ಲಿರುವ ಸ್ಥಾನವನ್ನು ನೋಡಿ.

ವ್ಯಾಕರಣ ಹೇಳಿ ಅಭ್ಯಾಸವಾದ ನಾಲಿಗೆ ನನ್ನದು, ಅದರ ಮಾತಿನಲ್ಲಿಯೇ ಹೇಳುತ್ತೇನೆ. ವಜ್ರಮುಷ್ಟಿಯಲ್ಲಿ ರಕ್ತವೆಂಬುದು ಪೂರ್ಣವಿರಾಮ. ಹಾರ್ಡ್‌ಕೋರ್ ಕುಸ್ತಿಯಲ್ಲಿ ಅದು ಅಲ್ಪವಿರಾಮ. ಇಲ್ಲಿ ರಕ್ತ ಕಂಡೊಡನೆ, ಸಾಕು ಎನ್ನುತ್ತಾರೆ. ಅಲ್ಲಿ ರಕ್ತ ಕಂಡೊಡನೆ, ಇನ್ನೂ ಎನ್ನುತ್ತಾರೆ. ಒಂದು ವಾರ ಕುರ್ಚಿ ಸಾಕಾದರೆ ಮುಂದಿನ ವಾರ ಮೇಜು, ಅದರ ಮುಂದಿನ ವಾರ ಮೇಜಿಗೆ ಬೆಂಕಿ. ಸ್ಪರ್ಧೆಯಾಗಿದ್ದರೆ ಸೋಲು ಗೆಲುವು ಆಟವನ್ನು ನಿಲ್ಲಿಸುತ್ತಿತ್ತು. ನಾಟಕವಾಗಿದ್ದರೆ ಕಥೆ ನಿಲ್ಲಿಸುತ್ತಿತ್ತು. ನೋವೇ ಸರಕಾದ ಮೇಲೆ ನಿಲ್ಲಿಸತಕ್ಕವರು ಯಾರು?

1996ರ ನವೆಂಬರಿನಲ್ಲಿ ಅಮೆರಿಕದ ರಿವಿಯರ್ ಎಂಬ ಊರಿನಲ್ಲಿ ನಡೆದ ಪಂದ್ಯವೊಂದು ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಸರಿಯಾದ ತರಬೇತಿಯಿಲ್ಲದ 17 ವರ್ಷದ ಹುಡುಗನೊಬ್ಬ ವಯಸ್ಸನ್ನು ಹೆಚ್ಚಾಗಿ ಹೇಳಿ, ಬಾರದಿದ್ದವನೊಬ್ಬನ ಬದಲು ಕಣಕ್ಕೆ ಇಳಿದ. ಅವನ ಹಣೆಯನ್ನು ಗೀರಿದ ಎದುರಾಳಿಯ ಅಲಗು ಆಳಕ್ಕೆ ಇಳಿಯಿತು. ಹುಡುಗ ರಕ್ತದ ಮಡುವಿನಲ್ಲಿ ಬಿದ್ದ. ಮೊಕದ್ದಮೆ ನಡೆದು ಆ ಎದುರಾಳಿ ಖುಲಾಸೆಯಾದ. ಹದಿನೇಳು ವರ್ಷವೆಂದರೆ ನಮ್ಮಲ್ಲಿ ಪಿ.ಯು.ಸಿ. ಓದುವ ವಯಸ್ಸು ಎಂಬುದನ್ನು ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣದ ಜಟ್ಟಿಯ ಬೆನ್ನ ಹಿಂದೆ ಇಬ್ಬರು ನಿಂತಿದ್ದರು. ಇಂದಿನ ಜಟ್ಟಿಯ ಬೆನ್ನ ಹಿಂದೆ ಸಾವಿರಾರು ಜನ ನಿಂತಿದ್ದಾರೆ. ಅವರ ಕೈಯಲ್ಲಿ ಆಯುಧವಿಲ್ಲ. ಟಿಕೆಟ್ಟು ಇದೆ, ಚಪ್ಪಾಳೆ ಇದೆ. ನಮ್ಮ ಮನೆಯ ಕೋಣೆಯಲ್ಲಿ ಕುಳಿತು ನೋಡುವವನೂ ಆ ಗುಂಪಿನವನೇ.

ಆದ್ದರಿಂದ ನನ್ನ ತೀರ್ಮಾನವನ್ನು ಎರಡಾಗಿ ಹೇಳುತ್ತೇನೆ. ಇವರು ಧೈರ್ಯಶಾಲಿಗಳು, ನೋವುಂಡವರು ಎಂಬ ಕೀರ್ತಿ ಸಲ್ಲತಕ್ಕದ್ದೇ. ಇದೇ ನಿಜವಾದ ಕುಸ್ತಿ ಎಂಬ ಕೀರ್ತಿ ಮಾತ್ರ ಸಲ್ಲದು. ರಕ್ತವು ಗಾಯಕ್ಕೆ ಸಾಕ್ಷಿಯೇ ಹೊರತು ಕುಸ್ತಿಗೆ ಸಾಕ್ಷಿಯಲ್ಲ.

ಕುಸ್ತಿಗೆ ಸಾಕ್ಷಿ ಬೇಕಾದರೆ ಗರಡಿಮನೆಯ ಕೆಮ್ಮಣ್ಣನ್ನು ಕೇಳಬೇಕು. ದಸರೆಯ ಹೊತ್ತಿನಲ್ಲಿ ಮೈಸೂರಿನಲ್ಲಿ, ಜಾತ್ರೆಯ ಹೊತ್ತಿನಲ್ಲಿ ನಮ್ಮ ಸುತ್ತಿನ ಊರುಗಳಲ್ಲಿ ನಡೆಯುವ ನಾಡಕುಸ್ತಿಯನ್ನು ನೋಡಿ. ಸೋಲು ಗೆಲುವು ತೀರ್ಮಾನವಾಗುವವರೆಗೆ ಬಿಡದೆ ನಡೆಯುವ ಮಾರ್ಫಿಟ್ ಕುಸ್ತಿಯಲ್ಲಿಯೂ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಗೆದ್ದವನು ಸೋತವನನ್ನು ಕೈಹಿಡಿದು ಎಬ್ಬಿಸುತ್ತಾನೆ. ಗೆಲ್ಲಲು ಮುಖ ಒಡೆಯಬೇಕಾಗಿಲ್ಲ. ಮಣ್ಣಿನಲ್ಲಿ ಕಲಿತ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ನಮ್ಮ ಮಕ್ಕಳಿಗೆ ಅಂಡರ್‌ಟೇಕರ್ ಗೊತ್ತು, ಜಾಧವ್ ಗೊತ್ತಿಲ್ಲ. ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ನಾವು ಹೇಳಿಲ್ಲ, ಅಷ್ಟೆ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಗುಡ್ಡದ ಮೇಲೆ ಬಾಹುಬಲಿಯ ವಿಗ್ರಹವೊಂದಿದೆ. ಶ್ರವಣಬೆಳಗೊಳಕ್ಕೆ ಹೋಗಿ ಬಂದವರಲ್ಲಿ ಎಷ್ಟೋ ಮಂದಿ ಇದನ್ನು ನೋಡಿಲ್ಲ. ಪಂಪನ ಆದಿಪುರಾಣವನ್ನು ಓದಿದವರಿಗೆ ಆತನ ಕಥೆ ಗೊತ್ತು. ಅಣ್ಣನೊಡನೆ ನಡೆದ ಮಲ್ಲಯುದ್ಧದಲ್ಲಿ ಬಾಹುಬಲಿ ಭರತನನ್ನು ಮೇಲಕ್ಕೆ ಎತ್ತಿದ. ನೆಲಕ್ಕೆ ಅಪ್ಪಳಿಸುವ ಬಲವೂ ಇತ್ತು, ಹಕ್ಕೂ ಇತ್ತು. ಅಪ್ಪಳಿಸದೆ ಇಳಿಸಿದ. ಕನ್ನಡನಾಡು ಕಲ್ಲಿನಲ್ಲಿ ಕಡೆದು ಸಾವಿರ ವರ್ಷದಿಂದ ನಿಲ್ಲಿಸಿಕೊಂಡಿರುವ ಮಲ್ಲ ಆತನೇ.

ಮನೆಯ ಹಿರಿಯರಲ್ಲಿ ನನ್ನದೊಂದು ಅರಿಕೆ. ದೂರದರ್ಶನವನ್ನು ಆರಿಸಿ ಹುಡುಗನನ್ನು ಗದರಿಸಿದರೆ ಅವನು ಪಕ್ಕದ ಮನೆಗೆ ಹೋಗಿ ನೋಡುತ್ತಾನೆ. ಅದಕ್ಕೆ ಬದಲು ಒಂದು ದಿನ ಅವನ ಪಕ್ಕದಲ್ಲಿಯೇ ಕುಳಿತುಕೊಳ್ಳಿ. ಬೀಳುವವನು ಹೇಗೆ ಬೀಳುತ್ತಾನೆ, ಎತ್ತುವವನು ಅವನ ತಲೆಯನ್ನು ಹೇಗೆ ಕಾಯುತ್ತಾನೆ ಎಂದು ತೋರಿಸಿ. ಬೆಂಚಿನ ಮೇಲಿಂದ ಗೆಳೆಯನ ಮೇಲೆ ಧುಮುಕುವುದಕ್ಕೆ ಆ ವಿದ್ಯೆ ಅವನಲ್ಲಿಲ್ಲ ಎಂಬುದು ಆಗ ಅವನಿಗೇ ತಿಳಿಯುತ್ತದೆ. ಮುಂದಿನ ಜಾತ್ರೆಗೆ ಅವನ ಕೈಹಿಡಿದು ಕುಸ್ತಿಯ ಕಣದ ಬಳಿಗೆ ಕರೆದುಕೊಂಡು ಹೋಗಿ. ಅಲ್ಲಿ ಯಾವಾಗ ಚಪ್ಪಾಳೆ ತಟ್ಟಬೇಕೆಂದು ಅವನು ತಮ್ಮನ್ನು ನೋಡಿಯೇ ಕಲಿಯುತ್ತಾನೆ.